ಗ್ರಾಮ ಸಭೆಯಲ್ಲಿ ಬರೆಸಿದ ಸಂಕ ಎಲ್ಲಿ ಹೋಯಿತು?

ಪ್ರಶ್ನೆ: ಶಿವಮೊಗ್ಗ ಜಿಲ್ಲೆಯ ಘಟ್ಟದಂಚಿನ ಗ್ರಾಮವೊಂದರಿಂದ ಅಡಿಕೆ ಬೆಳೆಗಾರರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರ ಹೀಗಿದೆ. "ನಮ್ಮದು ಹಳ್ಳದಾಚೆಯ ಹನ್ನೆರಡು ಮನೆಗಳ ಮಜರೆ. ಮಳೆಗಾಲದಲ್ಲಿ ಅಡಿಕೆ ದಬ್ಬೆ (ಸೀಳಿದ ಮರ) ಹಾಸಿ ನಾವೇ ಕಟ್ಟಿಕೊಳ್ಳುವ ಸಂಕ, ಅಂದರೆ ಕಾಲುಸೇತುವೆಯೊಂದೇ ದಾರಿ. ಜೂನ್ ಮೊದಲ ವಾರ ಕಟ್ಟುತ್ತೇವೆ, ಆಗಸ್ಟ್ ಮುಗಿಯುವುದರೊಳಗೆ ಒಮ್ಮೆಯಾದರೂ ಕೊಚ್ಚಿಕೊಂಡು ಹೋಗುತ್ತದೆ. ಆರು ಮಕ್ಕಳು ಅದನ್ನು ದಾಟಿ ಶಾಲೆಗೆ ಹೋಗಬೇಕು. ಒಂಬತ್ತು ವರ್ಷಗಳಿಂದ ಗ್ರಾಮ ಸಭೆಯಲ್ಲಿ ಕಾಲುಸಂಕ ಕೇಳುತ್ತಿದ್ದೇವೆ, ಪ್ರತಿ ಸಲ 'ಬರೆದುಕೊಂಡಿದ್ದೇವೆ' ಎನ್ನುತ್ತಾರೆ. ಅಧ್ಯಕ್ಷರು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕಡೆ ಕೈ ತೋರಿಸುತ್ತಾರೆ, ಪಿಡಿಒ ಅನುದಾನವಿಲ್ಲ ಎನ್ನುತ್ತಾರೆ, ನಮ್ಮ ವಾರ್ಡಿನ ಸದಸ್ಯರು ಶಾಸಕರನ್ನು ಕೇಳಿ ಎನ್ನುತ್ತಾರೆ, ಜಿಲ್ಲಾ ಪಂಚಾಯಿತಿಯಲ್ಲಿ ಕೇಳೋಣವೆಂದರೆ ಅಲ್ಲಿ ಸದಸ್ಯರೇ ಇಲ್ಲ. ಈಚೆಗೆ ನನ್ನ ಮಗ ಮೊಬೈಲಿನಲ್ಲಿ ಹುಡುಕಿದಾಗ ನಮ್ಮ ಮಜರೆಯ ಹೆಸರಿನಲ್ಲೇ 'ಕಾಲುಸಂಕ ದುರಸ್ತಿ' ಎಂದು ಒಂದೂವರೆ ಲಕ್ಷ ರೂಪಾಯಿ ಪಾವತಿಯಾಗಿರುವುದು ಕಂಡಿತು. ಇದು ಯಾರ ಕೆಲಸ? ಅಧ್ಯಕ್ಷರನ್ನು ನಾವು ಇಳಿಸಬಹುದೇ? ಮನೆ ಕಂದಾಯ ಕಟ್ಟುವುದನ್ನು ನಿಲ್ಲಿಸಿ ಚುನಾವಣೆ ಬಹಿಷ್ಕರಿಸಬೇಕೆಂದು ಕೆಲವರು ಹೇಳುತ್ತಿದ್ದಾರೆ, ಅದು ಸರಿಯೇ? ದೂರು ಕೊಟ್ಟರೆ ಊರಿನಲ್ಲಿ ಬದುಕುವುದು ಹೇಗೆ?"

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಂಕ ಆಗಲಿಲ್ಲ ಎಂಬ ಬೇಸರಕ್ಕಿಂತಲೂ, ಕೇಳಿದವರೆಲ್ಲರೂ ಇನ್ನೊಬ್ಬರ ಹೆಸರು ಹೇಳಿ ಕಳಿಸುತ್ತಾರೆ, ಕೊನೆಗೆ ಉತ್ತರ ಕೊಡಬೇಕಾದವರು ಯಾರೆಂಬುದೇ ತಿಳಿಯುತ್ತಿಲ್ಲ ಎಂಬ ಸಂಕಟ ನಿಮ್ಮನ್ನು ಹೆಚ್ಚು ಕಾಡುತ್ತಿದೆ ಎಂದು ನನಗೆ ಅನ್ನಿಸಿತು. ಮಂಡಲ ಪಂಚಾಯಿತಿಗಳ ಕಾಲದಲ್ಲಿ ಕಾರ್ಯದರ್ಶಿಯಾಗಿ ಸೇರಿ, ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಯಾಗಿ ನಿವೃತ್ತನಾದ ನಾನು ಈ ಅಲೆದಾಟವನ್ನು ಮೇಜಿನ ಆ ಬದಿಯಿಂದ ನೋಡಿದವನು. ಆದ್ದರಿಂದ ಒಳಗಿನ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ಇದ್ದ ಹಾಗೆಯೇ ಹೇಳುತ್ತೇನೆ.

ಮೊದಲು ಇದು ಯಾರ ಕೆಲಸ ಎಂಬುದು. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ ಅದರೊಂದಿಗೆ ಸೇರಿದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ರಸ್ತೆ, ಮೋರಿ, ಸೇತುವೆ, ದೋಣಿಗಂಡಿ ಮುಂತಾದ ಸಂಪರ್ಕ ಸಾಧನಗಳು ಅವುಗಳಲ್ಲಿ ಒಂದು. ಅದೇ ವರ್ಷ ನಮ್ಮ ರಾಜ್ಯ ಮಾಡಿಕೊಂಡ ಪಂಚಾಯತ್ ರಾಜ್ ಅಧಿನಿಯಮ (ಈಗ ಅದರ ಹೆಸರಿಗೆ 'ಗ್ರಾಮ ಸ್ವರಾಜ್' ಎಂಬುದೂ ಸೇರಿದೆ) ಊರೊಳಗಿನ ದಾರಿ, ಚರಂಡಿ, ಮೋರಿಗಳನ್ನು ಗ್ರಾಮ ಪಂಚಾಯಿತಿಗೆ ಒಪ್ಪಿಸಿದೆ. ಹನ್ನೆರಡು ಮನೆಗಳಿಗೆ ಹಳ್ಳ ದಾಟಿಸುವ ಕಾಲುಸಂಕ ಸ್ಪಷ್ಟವಾಗಿ ಗ್ರಾಮ ಪಂಚಾಯಿತಿಯ ಹೊಣೆಯೊಳಗಿನ ಕೆಲಸ. ಅಂಬಾರಗೊಡ್ಲು ಮತ್ತು ಕಳಸವಳ್ಳಿಯ ನಡುವೆ ಶರಾವತಿ ಹಿನ್ನೀರಿಗೆ ಅಡ್ಡಲಾಗಿ 2025ರ ಜುಲೈನಲ್ಲಿ ತೆರೆದ ಸೇತುವೆಯಂತಹದು ಕೇಂದ್ರದ ಹೆದ್ದಾರಿ ಯೋಜನೆ, ಅಲ್ಲಿ ಪಂಚಾಯಿತಿಯ ಠರಾವಿಗೆ (ಸಭೆಯ ನಿರ್ಣಯಕ್ಕೆ) ಕೆಲಸವಿರಲಿಲ್ಲ. ನಿಮ್ಮ ಹಳ್ಳದ ವಿಷಯ ಹಾಗಲ್ಲ. ಅಗಲ ಹೆಚ್ಚಿ, ಅಂದಾಜು ಪಂಚಾಯಿತಿಯ ಕೈ ಮೀರಿದಾಗ ಮಾತ್ರ ಅದು ಮೇಲಿನ ಹಂತದವರ ಅನುದಾನಕ್ಕೆ ಹೋಗಬೇಕಾಗುತ್ತದೆ. ಹಾಗೆ ಮೇಲೆ ಕಳಿಸುವ ಹೊಣೆಯೂ ಪಂಚಾಯಿತಿಯದೇ.

ಹಾಗಾದರೆ ಒಳಗೆ ಯಾರು ಏನು ಮಾಡುತ್ತಾರೆ? ನಮ್ಮ ಜನರಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ಪಿಡಿಒ ಅಧ್ಯಕ್ಷರ ಕೈಕೆಳಗಿನ ನೌಕರ, ಅಧ್ಯಕ್ಷರು ಹೇಳಿದರೆ ಆಯಿತು ಎಂಬುದು ಒಂದು. ಪಿಡಿಒ ಸರ್ಕಾರದವರು, ಅವರದೇ ಕೊನೆಯ ಮಾತು ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ಯಾವ ಕೆಲಸ ಬೇಕೆಂದು ತೀರ್ಮಾನಿಸುವುದು ಚುನಾಯಿತ ಸದಸ್ಯರ ಸಭೆ. ಅಧ್ಯಕ್ಷರಿಗೂ ಆ ಸಭೆಯಲ್ಲಿ ಒಂದೇ ಮತ, ಸಮ ಬಂದಾಗ ಮಾತ್ರ ನಿರ್ಣಾಯಕ ಮತ. ತೀರ್ಮಾನವನ್ನು ನಿಯಮದಂತೆ ಜಾರಿಗೆ ತರುವುದು, ನಡಾವಳಿ ಬರೆದಿಡುವುದು, ಕಡತ ಕಾಯುವುದು ಪಿಡಿಒ ಕೆಲಸ. ಅವರ ನೇಮಕ, ವರ್ಗಾವಣೆ, ಶಿಸ್ತುಕ್ರಮ ಮೇಲಿನವರ ಕೈಯಲ್ಲಿವೆ. ಹಣ ಹೊರಗೆ ಹೋಗಬೇಕಾದರೆ ಇಬ್ಬರ ಸಹಿಯೂ ಬೇಕು. ಹಿಂದೆ ಅದು ಚೆಕ್ಕಿನ ಮೇಲಿನ ಜೋಡಿ ಸಹಿಯಾಗಿತ್ತು, ಈಗ ಇಬ್ಬರ ಹತ್ತಿರವೂ ಡಿಜಿಟಲ್ ಸಹಿಯ ಒಂದೊಂದು ಡಾಂಗಲ್ ಇದೆ. ಆದ್ದರಿಂದ ಪಾವತಿಯಾದ ಯಾವ ಬಿಲ್ಲಿಗೂ 'ನನಗೆ ಗೊತ್ತಿಲ್ಲ, ಅವರು ಮಾಡಿದ್ದು' ಎಂದು ಇಬ್ಬರಲ್ಲಿ ಒಬ್ಬರೂ ಹೇಳುವಂತಿಲ್ಲ. ಕೆಲಸದ ಅಂದಾಜು ಪಟ್ಟಿ ಮಾಡುವುದು, ಮುಗಿದ ಕೆಲಸವನ್ನು ಅಳೆಯುವುದು ಮೂರನೆಯವರು, ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗದ ಇಂಜಿನಿಯರು. ಅವರು ಪಂಚಾಯಿತಿಯ ನೌಕರರಲ್ಲ, ಒಬ್ಬರೇ ಹಲವು ಪಂಚಾಯಿತಿಗಳನ್ನು ನೋಡಬೇಕು. ಘಟ್ಟದಂಚಿನ ಮಜರೆಗೆ ಟೇಪು ಹಿಡಿದು ಬರಲು ಅವರಿಗೆ ಎಷ್ಟು ಸಲ ಹೇಳಿ ಕಳಿಸಿದರೂ ಬಿಡುವಾಗುವುದಿಲ್ಲ, ಮತ್ತು ಅಂದಾಜು ಪಟ್ಟಿ ಇಲ್ಲದ ಬೇಡಿಕೆ ಕ್ರಿಯಾ ಯೋಜನೆಯೊಳಗೆ ಬರುವುದಿಲ್ಲ. ನಿಮ್ಮ ಸಂಕ ಒಂಬತ್ತು ವರ್ಷ ನಿಂತಿರುವುದು ಬಹುಶಃ ಈ ಜಾಗದಲ್ಲಿ.

ಆದರೆ ಅದಕ್ಕೂ ಮೊದಲು ಇನ್ನೊಂದು ಜಾಗವಿದೆ, ಅದನ್ನು ವಿವರವಾಗಿ ಹೇಳಬೇಕು.

'ಬರೆದುಕೊಂಡಿದ್ದೇವೆ' ಎಂದರೆ ಎಲ್ಲಿ ಬರೆದುಕೊಂಡರು? ಗ್ರಾಮ ಸಭೆಯಲ್ಲಿ ಸಾಮಾನ್ಯವಾಗಿ ಎರಡು ಪುಸ್ತಕಗಳಿರುತ್ತವೆ. ಹಾಜರಾತಿ ಪುಸ್ತಕ ಬಾಗಿಲ ಹತ್ತಿರದ ಮೇಜಿನ ಮೇಲೆ ಇರುತ್ತದೆ, ಬಂದವರು ಸಹಿ ಹಾಕಿ ಒಳಗೆ ಹೋಗುತ್ತಾರೆ. ನಡಾವಳಿ ಪುಸ್ತಕ ವೇದಿಕೆಯ ಮೇಲೆ ಇರುತ್ತದೆ, ಆದರೆ ಜನ ಮಾತನಾಡುವಾಗ ಸಿಬ್ಬಂದಿ ಬರೆದುಕೊಳ್ಳುವುದು ಆ ಪುಸ್ತಕದಲ್ಲಲ್ಲ, ಒಂದು ಬಿಡಿ ಹಾಳೆಯಲ್ಲಿ. ಊಟದ ಹೊತ್ತಿಗೆ ಸಭೆ ಮುಗಿಯುತ್ತದೆ, ಬಿಡಿ ಹಾಳೆ ಕಚೇರಿಗೆ ಹೋಗುತ್ತದೆ, ಮೂರು ನಾಲ್ಕು ದಿನ ಕಳೆದ ಮೇಲೆ ನಡಾವಳಿ ಬರೆಯಲಾಗುತ್ತದೆ. ಆಗ ನಿಮ್ಮ ಹತ್ತು ನಿಮಿಷದ ಮಾತು 'ಗ್ರಾಮಸ್ಥರು ವಿವಿಧ ಮಜರೆಗಳಿಗೆ ರಸ್ತೆ, ಸಂಕ, ಬೀದಿದೀಪದ ಬಗ್ಗೆ ಕೋರಿದರು, ಅನುದಾನ ನೋಡಿಕೊಂಡು ಕ್ರಮ ವಹಿಸಲು ತೀರ್ಮಾನಿಸಲಾಯಿತು' ಎಂಬ ಒಂದು ಸಾಲಾಗುತ್ತದೆ. ಕೆಲಸದ ಒತ್ತಡದಲ್ಲಿ ನಾನೂ ಕಾರ್ಯದರ್ಶಿಯಾಗಿದ್ದಾಗ ಅಂತಹ ಸಾಲುಗಳನ್ನು ಬರೆದಿದ್ದೇನೆ. ಅದರಿಂದ ಎಷ್ಟು ಮನೆಗಳಿಗೆ ಅನ್ಯಾಯವಾಯಿತೆಂಬುದು ನನಗೆ ತಿಳಿದದ್ದು ಮುಂದೆ ತಾಲ್ಲೂಕಿನಲ್ಲಿ ಕುಳಿತು ಹಳೆಯ ನಡಾವಳಿಗಳನ್ನು ತಿರುವಿದಾಗ. ಆ ಸಾಲಿಗೆ ಸ್ಥಳದ ಹೆಸರಿಲ್ಲ, ಆದ್ಯತೆಯ ಸಂಖ್ಯೆ ಇಲ್ಲ, ಯಾವ ಲೆಕ್ಕಶೀರ್ಷಿಕೆಯೆಂಬುದಿಲ್ಲ, ಇಂಜಿನಿಯರರಿಗೆ ಬರೆಯಬೇಕೆಂಬ ಸೂಚನೆ ಇಲ್ಲ. ಅಂಥದ್ದಕ್ಕೆ ಯಾರನ್ನೂ ಹೊಣೆ ಮಾಡಲಾಗುವುದಿಲ್ಲ. ಒಂಬತ್ತು ವರ್ಷ ನೀವು ಕೇಳಿದ್ದು ನಿಜ, ಆದರೆ ಕಡತದ ಪ್ರಕಾರ ನೀವು ಒಮ್ಮೆಯೂ ಕೇಳಿಲ್ಲದಿರುವ ಸಾಧ್ಯತೆ ದೊಡ್ಡದು.

ಮಲೆನಾಡಿನಲ್ಲಿ ಇದು ಹೆಚ್ಚು ಕಾಡುವುದಕ್ಕೆ ನೆಲದ ಕಾರಣವೂ ಇದೆ. ಬಯಲುಸೀಮೆಯಲ್ಲಿ ಒಂದು ಪಂಚಾಯಿತಿಗೆ ಐದರಿಂದ ಏಳು ಸಾವಿರ ಜನಸಂಖ್ಯೆ ಇರಬೇಕೆಂಬ ಅಳತೆಯಿದ್ದರೆ, ನಮ್ಮಂತಹ ಮಲೆನಾಡು ಪ್ರದೇಶಗಳಲ್ಲಿ ಎರಡೂವರೆ ಸಾವಿರಕ್ಕೂ ಪಂಚಾಯಿತಿ ಮಾಡಲು ಕಾನೂನು ಅವಕಾಶ ಕೊಟ್ಟಿದೆ, ಏಕೆಂದರೆ ಮನೆಗಳು ತೋಟಕ್ಕೊಂದು, ಗದ್ದೆ ಬಯಲಿಗೊಂದು ಎಂಬಂತೆ ಚದುರಿವೆ. ಆದರೂ ಸದಸ್ಯರ ಲೆಕ್ಕ ಸುಮಾರು 400 ಜನಕ್ಕೆ ಒಬ್ಬರು. ಹನ್ನೆರಡು ಮನೆಯ ಐವತ್ತು ಅರವತ್ತು ಜನ ಆ ಲೆಕ್ಕದಲ್ಲಿ ಒಬ್ಬ ಸದಸ್ಯನ ಆರನೆಯ ಒಂದು ಭಾಗವೂ ಆಗುವುದಿಲ್ಲ. ಪೇಟೆಬದಿಯ ಕೇರಿಯಲ್ಲಿ ಐವತ್ತು ಮೀಟರು ಚರಂಡಿ ಮಾಡಿಸಿದರೆ ನಲವತ್ತು ಮನೆಗೆ ಉಪಕಾರವಾಗುತ್ತದೆ, ನಿಮ್ಮ ಸಂಕಕ್ಕೆ ಅದರ ಹಲವು ಪಟ್ಟು ಹಣ ಬೇಕು. ಸದಸ್ಯರು ಕೆಟ್ಟವರಲ್ಲದಿದ್ದರೂ ಈ ಗಣಿತ ಅವರ ಕೈ ಹಿಡಿದು ಎಳೆಯುತ್ತದೆ.

ಹಣದ ಮಾತು ಅರ್ಧ ನಿಜ. ಹದಿನೈದನೇ ಹಣಕಾಸು ಆಯೋಗದ 2021-26ರ ಅವಧಿಯ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕೆಂಬ ಕಟ್ಟು ಇತ್ತು. ಉಳಿದ ಶೇ. 40ರಲ್ಲಿ ಮಾತ್ರ ಪಂಚಾಯಿತಿ ತನ್ನ ಅಗತ್ಯ ನೋಡಿ ಖರ್ಚು ಮಾಡಬಹುದಿತ್ತು. ಹೀಗೆ ಹೊರಗಿನಿಂದ ಬರುವ ಹಣದ ಬಹುಪಾಲು ಹೆಸರು ಬರೆಸಿಕೊಂಡೇ ಬರುತ್ತದೆ. ಪಂಚಾಯಿತಿ ಸ್ವಂತ ತೀರ್ಮಾನದಿಂದ ಖರ್ಚು ಮಾಡಬಹುದಾದದ್ದು ಮನೆ ಕಂದಾಯ, ನೀರಿನ ಕರ, ಅಂಗಡಿ ಪರವಾನಗಿ, ಸಂತೆ ಹರಾಜಿನಂತಹ ಸ್ವಂತ ಸಂಪನ್ಮೂಲ, ಅದರಲ್ಲೂ ಸಿಬ್ಬಂದಿ ವೇತನಕ್ಕೆ ಮತ್ತು ಕಡ್ಡಾಯ ಮೀಸಲು ಬಾಬ್ತುಗಳಿಗೆ ಒಂದು ಪಾಲು ಹೋಗುತ್ತದೆ.

ಇಲ್ಲಿಯೇ ಕಂದಾಯ ನಿಲ್ಲಿಸುವ ಮಾತಿಗೆ ಉತ್ತರವಿದೆ. ನೀವು ತಡೆಹಿಡಿದರೆ ಸೊರಗುವುದು ನಿಮ್ಮ ಸಂಕಕ್ಕೆ ಬಳಸಬಹುದಾಗಿದ್ದ ಆ ಒಂದೇ ಸಣ್ಣ ಗಂಟು. ಮೇಲಿನಿಂದ ಬರುವ ಅನುದಾನಕ್ಕೆ ಅದರಿಂದ ಕೂಡಲೇ ಏನೂ ಆಗುವುದಿಲ್ಲ. ಬಾಕಿಗೆ ನೋಟಿಸು ಬರುತ್ತದೆ, ವಸೂಲಿಗೆ ಕಾನೂನಿನ ದಾರಿಗಳಿವೆ, ನೋಟಿಸಿನ ಮೇಲೂ ಕಟ್ಟದವರು ನಾಳೆ ಪಂಚಾಯಿತಿ ಸದಸ್ಯತ್ವಕ್ಕೆ ನಿಲ್ಲಲು ಹೋದರೆ ಅನರ್ಹತೆಯ ಪ್ರಶ್ನೆ ಏಳುತ್ತದೆ. ದೂರು ಕೊಡುವವರು ಬಾಕಿದಾರರೆಂದು ಸಭೆಯಲ್ಲಿ ಒಬ್ಬರು ಎದ್ದು ಹೇಳಿದರೆ ನಿಮ್ಮ ಮಾತಿನ ತೂಕ ಅಲ್ಲಿಗೆ ಇಳಿಯುತ್ತದೆ. ದಯವಿಟ್ಟು ಕಂದಾಯ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಚುನಾವಣಾ ಬಹಿಷ್ಕಾರದ ಬಗ್ಗೆಯೂ ನನ್ನ ಅನುಭವ ಒಳ್ಳೆಯದಲ್ಲ. ಬಹಿಷ್ಕಾರದ ಫಲಕ ಕಟ್ಟಿದಾಗ ತಹಶೀಲ್ದಾರರು ಬರುತ್ತಾರೆ, ಭರವಸೆ ಕೊಡುತ್ತಾರೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಆದರೆ ಲಿಖಿತ ಆದೇಶವಿಲ್ಲದ ಭರವಸೆ ಆ ಅಧಿಕಾರಿಯ ವರ್ಗಾವಣೆಯೊಂದಿಗೆ ಹೊರಟುಹೋಗುತ್ತದೆ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುವಂಥದ್ದು, ಕೆಲವೇ ಮತಗಳಲ್ಲಿ ಗೆಲುವು ತೀರ್ಮಾನವಾಗುವಂಥದ್ದು. ನಲವತ್ತು ಮತಗಳ ಬೆಲೆ ಹೆಚ್ಚಿರುವ ಒಂದೇ ಚುನಾವಣೆಯನ್ನು ಬಿಟ್ಟುಕೊಡುವುದು ಜಾಣತನವಲ್ಲ.

ಅಧ್ಯಕ್ಷರನ್ನು ಮತದಾರರು ನೇರವಾಗಿ ಇಳಿಸುವ ಅವಕಾಶ ನಮ್ಮ ರಾಜ್ಯದ ಕಾನೂನಿನಲ್ಲಿಲ್ಲ. ಸದಸ್ಯರು ಅವಿಶ್ವಾಸ ಮಂಡಿಸಬಹುದು, ಉಪವಿಭಾಗಾಧಿಕಾರಿ ಕರೆಯುವ ಸಭೆಯಲ್ಲಿ ಒಟ್ಟು ಸದಸ್ಯರ ಮೂರನೇ ಎರಡರಷ್ಟು ಬೆಂಬಲ ಬೇಕು. ದುರ್ನಡತೆ ಅಥವಾ ಕರ್ತವ್ಯಲೋಪ ವಿಚಾರಣೆಯಲ್ಲಿ ಸಾಬೀತಾದರೆ ಸರ್ಕಾರ ತೆಗೆದುಹಾಕಬಹುದು. ಆದರೆ ಅವಿಶ್ವಾಸದ ರಾಜಕೀಯಕ್ಕೆ ನೀವು ಕೈಹಾಕಬೇಡಿ ಎಂಬುದೇ ನನ್ನ ಸಲಹೆ. ಅಧ್ಯಕ್ಷ ಸ್ಥಾನ ಮೀಸಲಾತಿಯೊಂದಿಗೆ ಮೂವತ್ತು ತಿಂಗಳಿಗೊಮ್ಮೆ ಬದಲಾಗುತ್ತಲೇ ಇರುತ್ತದೆ, ನಿಮ್ಮ ಹಳ್ಳ ಅಲ್ಲಿಯೇ ಇರುತ್ತದೆ.

ಜಿಲ್ಲಾ ಪಂಚಾಯಿತಿಯ ಬಗ್ಗೆ ನೀವು ಹೇಳಿದ್ದು ಸರಿ, ಮತ್ತು ಅದು ಸಣ್ಣ ವಿಷಯವಲ್ಲ. ಅಬ್ದುಲ್ ನಜೀರ್ ಸಾಬ್ ಅವರು ಮಂತ್ರಿಯಾಗಿದ್ದಾಗ ರೂಪುಗೊಂಡ 1983ರ ಕಾನೂನಿನಂತೆ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳು ಬಂದಾಗ ಅದರ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆಯಿತ್ತು, ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ ಬರುತ್ತಿದ್ದರು. ಹಳ್ಳಿಯ ಮಾತನ್ನು ಜಿಲ್ಲೆಯ ಮಟ್ಟದಲ್ಲಿ ಎತ್ತಿ ಹಿಡಿಯುವ ಜನ ಅಲ್ಲಿದ್ದರು. ಈಗ ನೋಡಿ, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ನಡೆದ ಚುನಾವಣೆಯ ಅವಧಿ 2021ರಲ್ಲಿ ಮುಗಿದ ಮೇಲೆ ಸಕಾಲಕ್ಕೆ ಮತ್ತೆ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳ ಕೈಗೆ ಹೋದವು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕೆಂದು ಸಂವಿಧಾನವೇ ಹೇಳಿರುವಾಗ ಇದು ನನಗೆ ತೀರಾ ನೋವಿನ ಸಂಗತಿ. ನಿಮ್ಮ ಸದಸ್ಯರು 'ಶಾಸಕರನ್ನು ಕೇಳಿ' ಎಂದು ಹೇಳುವುದಕ್ಕೆ ಮೂಲ ಇಲ್ಲಿದೆ: ನಡುವಿನ ಮೆಟ್ಟಿಲುಗಳು ಇಲ್ಲವಾದಾಗ ಕೆಳಗಿನವರು ನೇರವಾಗಿ ಮೇಲಿನವರ ಮುಖ ನೋಡುತ್ತಾರೆ, ಹಕ್ಕಾಗಿ ಕೇಳಬೇಕಾದದ್ದು ಕೃಪೆಯಾಗಿ ಬಿಡುತ್ತದೆ.

ಇನ್ನು ಆ ಒಂದೂವರೆ ಲಕ್ಷದ ವಿಷಯ. ಇದನ್ನು ಓದಿದೊಡನೆ ನಿಮಗೆ ಸಿಟ್ಟು ಬಂದಿದ್ದು ಸಹಜ. ಆದರೂ 'ಹಣ ತಿಂದಿದ್ದಾರೆ' ಎಂಬ ಮಾತನ್ನು ಯಾರೆದುರಿಗೂ ಈಗಲೇ ಆಡಬೇಡಿ. ನಮ್ಮ ಕಡೆ ಹೊಸಗದ್ದೆ, ಕೆರೆಮನೆ, ಹಕ್ಲುಮನೆ ಎಂಬ ಹೆಸರುಗಳು ಒಂದೇ ಪಂಚಾಯಿತಿಯಲ್ಲಿ ಎರಡೆರಡು ಕಡೆ ಇರುತ್ತವೆ. ನಾನು ತಾಲ್ಲೂಕಿನಲ್ಲಿದ್ದಾಗ ಇಂತಹದೇ ದೂರಿಗೆ ಸ್ಥಳ ತನಿಖೆಗೆ ಹೋದೆ. ಕೆಲಸ ನಡೆದೇ ಇತ್ತು, ಮೂರು ಕಿಲೋಮೀಟರು ಆಚೆ ಅದೇ ಹೆಸರಿನ ಇನ್ನೊಂದು ಮಜರೆಯಲ್ಲಿ. ದೂರು ಕೊಟ್ಟ ಹಿರಿಯರು ಎಲ್ಲರೆದುರು ತಲೆ ತಗ್ಗಿಸಬೇಕಾಯಿತು, ಮುಂದೆ ಅವರು ಗ್ರಾಮ ಸಭೆಗೆ ಬರುವುದನ್ನೇ ಬಿಟ್ಟರು. ಇನ್ನೊಂದು ಸಲ ಇದಕ್ಕೆ ತಿರುಗುಮುರುಗಾಯಿತು. ತಡೆಗೋಡೆಯ ಕೆಲಸ, ಅಳತೆ ಪುಸ್ತಕದಲ್ಲಿ ಹನ್ನೆರಡು ಮೀಟರು ಬರೆದಿತ್ತು. ಮಳೆಯಲ್ಲಿ ಛತ್ರಿ ಹಿಡಿದುಕೊಂಡು ಟೇಪು ಎಳೆದಾಗ ಸಿಕ್ಕಿದ್ದು ಏಳು ಮೀಟರು. ಉಳಿದ ಐದು ಮೀಟರಿನ ಹಣ ವಸೂಲಾಯಿತು. ಎರಡೂ ಪ್ರಕರಣಗಳಲ್ಲಿ ಸತ್ಯ ಹೇಳಿದ್ದು ಒಂದೇ ದಾಖಲೆ, ಇಂಜಿನಿಯರಿಂಗ್‌ನವರು ಎಂ.ಬಿ. ಎಂದು ಕರೆಯುವ ಆ ಅಳತೆ ಪುಸ್ತಕ.

ಆದ್ದರಿಂದ ಮೊದಲ ಹೆಜ್ಜೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ ಹತ್ತು ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಹಲವರು ಇಲ್ಲಿಯೇ ಎಡವುತ್ತಾರೆ, ಹತ್ತು ವರ್ಷದ ಎಲ್ಲಾ ಕಾಮಗಾರಿಗಳ ಎಲ್ಲಾ ದಾಖಲೆ ಕೊಡಿ ಎಂದು ಕೇಳುತ್ತಾರೆ, ಅದು ತಿರಸ್ಕಾರಕ್ಕೆ ನೆವವಾಗುತ್ತದೆ. ನೀವು ಕೇಳಬೇಕಾದದ್ದು ಇಷ್ಟೇ: ಮೊಬೈಲಿನಲ್ಲಿ ಕಂಡ ಆ ಕಾಮಗಾರಿಯ ಹೆಸರು, ವರ್ಷ, ಇದ್ದರೆ ಅದರ ಸಂಖ್ಯೆ ಬರೆದು, ಅದರ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿಸಿದ ಪುಟಗಳು, ಬಿಲ್ಲು, ಕೆಲಸಕ್ಕೆ ಮೊದಲು ಮತ್ತು ಆನಂತರ ತೆಗೆದ ಫೋಟೊಗಳ ದೃಢೀಕೃತ ಪ್ರತಿ. ಫೋಟೊದಲ್ಲಿ ಅಕ್ಷಾಂಶ ರೇಖಾಂಶ ಇದ್ದರೆ ಜಾಗ ಯಾವುದೆಂಬ ಪ್ರಶ್ನೆ ಅಲ್ಲಿಯೇ ಬಗೆಹರಿಯುತ್ತದೆ. ಮೂವತ್ತು ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮುಂದಿನ ಮೂವತ್ತು ದಿನದೊಳಗೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಮೊದಲ ಮೇಲ್ಮನವಿ. ಇನ್ನೊಂದು ಬೇರೆ ಅರ್ಜಿಯಲ್ಲಿ ಕಳೆದ ಮೂರು ವರ್ಷದ ಗ್ರಾಮ ಸಭೆ ನಡಾವಳಿಗಳ ಪ್ರತಿ ಕೇಳಿ.

ಇದರ ಅಪಾಯವನ್ನು ನೀವೇ ಸೂಚಿಸಿದ್ದೀರಿ. ಊರಿನಲ್ಲಿ ಅರ್ಜಿ ಹಾಕಿದವರ ಹೆಸರು ಸಂಜೆಯೊಳಗೆ ಹೋಟೆಲಿಗೆ ತಲುಪುತ್ತದೆ. ನಾಳೆ ಇ-ಸ್ವತ್ತಿಗೋ (ಆಸ್ತಿ ದಾಖಲೆಗೋ) ನೀರಿನ ಪೈಪಿಗೋ ಅದೇ ಕಚೇರಿಯ ಮೆಟ್ಟಿಲು ಹತ್ತಬೇಕು. ಈ ಭಯ ಸುಳ್ಳೆಂದು ನಾನು ಹೇಳಲಾರೆ. ಹಾಗಾಗಿ ಒಬ್ಬರೇ ಹೊರಡಬೇಡಿ, ಮಜರೆಯ ಪರವಾಗಿ ಹೊರಗೆ ಓದುತ್ತಿರುವ ಅಥವಾ ಕೆಲಸದಲ್ಲಿರುವ ಮಕ್ಕಳಲ್ಲಿ ಒಬ್ಬರು ಅಂಚೆಯಲ್ಲಿ ಅರ್ಜಿ ಕಳಿಸಲಿ, ಪಿಡಿಒ ಅವರನ್ನು ಭೇಟಿಯಾಗಿ ನಮಗೆ ಸಂಕದ ಕಡತ ಬೇಕು, ಯಾರ ಮೇಲೂ ಹಗೆಯಿಲ್ಲ ಎಂದು ಮೊದಲೇ ಹೇಳಿ. ಎಷ್ಟೋ ಪಿಡಿಒಗಳು ಆ ಮಾತು ಕೇಳಿ ಅರ್ಜಿಯಿಲ್ಲದೆಯೇ ಕಡತ ತೆಗೆದು ತೋರಿಸುವುದನ್ನು ಕಂಡಿದ್ದೇನೆ.

ದಾಖಲೆಯಲ್ಲಿ ಕೆಲಸ ನಿಮ್ಮ ಹಳ್ಳದಲ್ಲೇ ಆಗಿದೆ ಎಂದಿದ್ದು, ಸ್ಥಳದಲ್ಲಿ ಏನೂ ಇಲ್ಲದಿದ್ದರೆ ಮಾತ್ರ ದೂರು. ಮೊದಲು ಕಾರ್ಯನಿರ್ವಾಹಕ ಅಧಿಕಾರಿಗೆ, ಪ್ರತಿಯನ್ನು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಕೊಟ್ಟು, ಜಂಟಿ ಸ್ಥಳ ತನಿಖೆ ಕೇಳಿ. ಪ್ರತಿ ವರ್ಷ ನಡೆಯಬೇಕಾದ ಜಮಾಬಂದಿಯಲ್ಲೂ ಇದನ್ನು ಎತ್ತಬಹುದು. ಅಂದು ಹೊರಗಿನ ಅಧಿಕಾರಿ ಬಂದು ಹಿಂದಿನ ಸಾಲಿನ ಲೆಕ್ಕ ಮತ್ತು ಕಾಮಗಾರಿಗಳನ್ನು ಜನರೆದುರು ನೋಡಬೇಕು, 'ಈ ಕೆಲಸ ತೋರಿಸಿ' ಎಂದು ಕೇಳುವ ಹಕ್ಕು ಯಾವ ಗ್ರಾಮಸ್ಥನಿಗೂ ಇದೆ. ನನ್ನ ಸೇವಾವಧಿಯಲ್ಲಿ ಜಮಾಬಂದಿಗೆ ಹತ್ತು ಜನ ಬಂದ ಪಂಚಾಯಿತಿಗಳು ಕಡಿಮೆ, ಬಂದ ಕಡೆ ಲೆಕ್ಕ ನೇರವಾಗಿದ್ದದ್ದು ಆಕಸ್ಮಿಕವಲ್ಲ. ಉದ್ಯೋಗ ಖಾತರಿಯ ಹಣವಾಗಿದ್ದರೆ ಸಾಮಾಜಿಕ ಲೆಕ್ಕಪರಿಶೋಧನೆಯ ದಾರಿಯೂ ಇದೆ. ಲೋಕಾಯುಕ್ತಕ್ಕೆ ಹೋಗುವುದು ಕೊನೆಗೆ. ಅಲ್ಲಿ ನಿಗದಿತ ನಮೂನೆಯೊಂದಿಗೆ ಪ್ರಮಾಣಪತ್ರ ಕೊಡಬೇಕು, ಸುಳ್ಳು ದೂರಿಗೆ ಶಿಕ್ಷೆಯುಂಟು, ವಿಚಾರಣೆ ವರ್ಷಗಟ್ಟಲೆ ಸಾಗಬಹುದು. ಮತ್ತು ಒಂದು ಮಾತು ನೆನಪಿಡಿ, ತನಿಖೆ ನಡೆಯುತ್ತಿರುವ ಜಾಗದಲ್ಲಿ ಹೊಸ ಕೆಲಸಕ್ಕೆ ಕೈ ಹಾಕಲು ಕಚೇರಿಗಳು ಹಿಂಜರಿಯುತ್ತವೆ. ದೂರು ಗೆದ್ದು ಸಂಕ ಸೋಲುವುದು ಸಾಧ್ಯ. ಅದಕ್ಕಾಗಿ ದೂರಿನ ಕಡತ, ಸಂಕದ ಬೇಡಿಕೆ ಇವೆರಡನ್ನೂ ಬೇರೆ ಬೇರೆ ಪತ್ರಗಳಲ್ಲಿ ನಡೆಸಿ.

ಸಂಕದ ಬೇಡಿಕೆಗೆ ನಾನು ಸೂಚಿಸುವ ದಾರಿ ಗ್ರಾಮ ಸಭೆಗಿಂತ ಮೊದಲಿನ ವಾರ್ಡ್ ಸಭೆ. ನಮ್ಮ ಕಾನೂನಿನಲ್ಲಿ ಅತ್ಯಂತ ಬೆಲೆಯುಳ್ಳದ್ದೂ ಅತ್ಯಂತ ನಿರ್ಲಕ್ಷಿತವಾದದ್ದೂ ಇದೇ ಎಂದು ನಾನು ತಿಳಿದಿದ್ದೇನೆ. ವಾರ್ಡಿನ ಮತದಾರರೆಲ್ಲ ಅದರ ಸದಸ್ಯರು. ಒಟ್ಟು ಮತದಾರರ ಹತ್ತನೇ ಒಂದು ಭಾಗ ಅಥವಾ ಇಪ್ಪತ್ತು ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟಿದ್ದರೆ ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಆಗುತ್ತದೆ, ಅವರಲ್ಲಿ ಶೇ. 30ರಷ್ಟು ಮಹಿಳೆಯರಿರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಅವರ ಜನಸಂಖ್ಯೆಗೆ ತಕ್ಕಂತೆ ಇರಬೇಕು. ಗ್ರಾಮ ಸಭೆಯಲ್ಲಿ ನೂರಾರು ಜನರ ನಡುವೆ ನಿಮ್ಮ ದನಿ ಮುಳುಗುತ್ತದೆ, ವಾರ್ಡ್ ಸಭೆಯಲ್ಲಿ ನಿಮ್ಮ ಹನ್ನೆರಡು ಮನೆಗಳಿಂದ ಬರುವ ಮೂವತ್ತು ಜನವೇ ಸಭೆಯ ದೊಡ್ಡ ಪಾಲು. ಹಲವು ಕಡೆ ಈ ಸಭೆಗಳು ನಡೆಯದೆಯೇ ನಡೆದಂತೆ ದಾಖಲಾಗುತ್ತವೆ. ನಡೆಯದಿದ್ದರೆ ವಾರ್ಡಿನ ಶೇ. 10ರಷ್ಟು ಮತದಾರರು ವಿಷಯ ನಮೂದಿಸಿ ಲಿಖಿತವಾಗಿ ವಿಶೇಷ ಸಭೆ ಕೇಳಬಹುದು. ಅಕ್ಟೋಬರ್ 2ರಿಂದ ಮುಂದಿನ ವರ್ಷದ ಪಂಚಾಯಿತಿ ಯೋಜನೆ ತಯಾರಿಸುವ ಜನಯೋಜನೆ ಅಭಿಯಾನ ಶುರುವಾಗುತ್ತದೆ. ಆಗ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಕೆಲಸ ಮುಗಿದಿರುತ್ತದೆ, ಅಡಿಕೆ ಕೊಯ್ಲಿನ ಭರಾಟೆ ಇನ್ನೂ ಏರಿರುವುದಿಲ್ಲ. ಮನೆಯ ಹೆಂಗಸರೂ ಬರಲು ಸಾಧ್ಯವಿರುವ ಒಂದು ಮಧ್ಯಾಹ್ನವನ್ನು ನೀವೇ ಸೂಚಿಸಿ.

ಆ ಸಭೆಯಲ್ಲಿ ಹೀಗೆ ಬರೆಸಿ: 'ಇಂತಹ ಗ್ರಾಮದ ಇಂತಹ ಸರ್ವೆ ನಂಬರಿನ ಬಳಿ, ಇಂತಹವರ ತೋಟದ ಕೆಳಗೆ ಹಾದುಹೋಗುವ ಹಳ್ಳಕ್ಕೆ ಹನ್ನೆರಡು ಮನೆ ಹಾಗೂ ಆರು ಶಾಲಾ ಮಕ್ಕಳ ಓಡಾಟಕ್ಕಾಗಿ ಕಾಲುಸಂಕ ನಿರ್ಮಿಸುವುದನ್ನು ಈ ವಾರ್ಡಿನ ಮೊದಲ ಆದ್ಯತೆಯೆಂದು ತೀರ್ಮಾನಿಸಲಾಯಿತು, ಮೂವತ್ತು ದಿನದೊಳಗೆ ಅಂದಾಜು ಪಟ್ಟಿ ಪಡೆಯಲು ಪಿಡಿಒ ಅವರು ಇಂಜಿನಿಯರಿಂಗ್ ಉಪವಿಭಾಗಕ್ಕೆ ಪತ್ರ ಬರೆಯತಕ್ಕದ್ದು.' ಈ ಸಾಲು ನಡಾವಳಿ ಪುಸ್ತಕದಲ್ಲಿ ಇಳಿದು, ಗಟ್ಟಿಯಾಗಿ ಓದಿ ಹೇಳಿಸಿಕೊಂಡು, ಅದರ ಕೆಳಗೆ ಸಹಿ ಬಿದ್ದ ಮೇಲೆಯೇ ಎದ್ದುಬನ್ನಿ. ಪುಟದ ಫೋಟೊ ತೆಗೆದುಕೊಳ್ಳಿ. ಮುಂದೆ ಗ್ರಾಮ ಸಭೆಯಲ್ಲಿ, ಆಮೇಲೆ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಅದೇ ಸಾಲು ಬಂದಿದೆಯೇ ನೋಡಿ. ಬಿಟ್ಟುಹೋಗಿದ್ದರೆ ಯಾವ ಹಂತದಲ್ಲಿ, ಯಾರ ಸಹಿಯ ಸಭೆಯಲ್ಲಿ ಬಿಟ್ಟುಹೋಯಿತೆಂಬುದು ಆಗ ತಾನೇ ತಿಳಿಯುತ್ತದೆ. ಪತ್ರ ಹೋಗಿದ್ದರೆ ಹೊಣೆ ಇಂಜಿನಿಯರರದು, ಅಂದಾಜು ಬಂದಿದ್ದರೆ ಸಭೆಯದು, ಮಂಜೂರಾಗಿದ್ದರೆ ಪಿಡಿಒ ಅವರದು. ಇದರಿಂದ ನಿಮ್ಮ ವಾರ್ಡಿನ ಬೇರೆ ಮಜರೆಯವರಿಗೆ ಬೇಸರವಾಗಬಹುದು, ಏಕೆಂದರೆ ನಿಮ್ಮದು ಮೊದಲಾದರೆ ಅವರ ರಸ್ತೆ ಎರಡನೆಯದಾಗುತ್ತದೆ. ಸಭೆಗೆ ಮೊದಲೇ ಅವರ ಮನೆಗೆ ಹೋಗಿ ಮಾತನಾಡಿ, ಮುಂದಿನ ವರ್ಷ ಅವರ ಕೆಲಸಕ್ಕೆ ನೀವು ಕೈ ಎತ್ತುವ ಮಾತು ಕೊಡಿ.

ಅಂದಾಜು ಪಂಚಾಯಿತಿಯ ಶಕ್ತಿ ಮೀರಿದರೆ ಅದೇ ಠರಾವಿನ ಪ್ರತಿ ಹಿಡಿದು ಬೇರೆ ಬಾಗಿಲುಗಳಿಗೆ ಹೋಗಬಹುದು. ಶಿವಮೊಗ್ಗದಲ್ಲೇ ಕಚೇರಿಯಿರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ಇಂತಹ ಸಣ್ಣ ಸೇತುವೆ, ಕಾಲುಸಂಕಗಳನ್ನು ಕಟ್ಟಿದೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿಯೂ ಇದೆ, ಮಕ್ಕಳು ಹಳ್ಳ ದಾಟುವ ಕಡೆಗಳಿಗಾಗಿ ಶಾಲಾ ಸಂಪರ್ಕ ಸೇತು ಎಂಬ ಯೋಜನೆಯಡಿ ಲೋಕೋಪಯೋಗಿ ಇಲಾಖೆ ಸಂಕ ಕಟ್ಟಿಸಿದ್ದುಂಟು. ಶಾಸಕರನ್ನು ಕೇಳುವುದು ತಪ್ಪಲ್ಲ, ಬರಿಗೈಯಲ್ಲಿ ಕೇಳುವುದು ತಪ್ಪು. ಆದರೆ ಹೊರಗಿನ ಸಂಸ್ಥೆ ಕಟ್ಟಿದ ಸಂಕವನ್ನು ಕೊನೆಗೆ ಪಂಚಾಯಿತಿಗೆ ಹಸ್ತಾಂತರಿಸಿದ ಪತ್ರವಿದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಮುಂದೆ ಕೈಹಿಡಿ ಮುರಿದಾಗ ರಿಪೇರಿ ಯಾರದೆಂದು ಮತ್ತೆ ಇದೇ ಅಲೆದಾಟ ಶುರುವಾಗುತ್ತದೆ.

ನಿಮ್ಮ ಪತ್ರದಲ್ಲಿ ಹಳ್ಳದ ಒಂದು ದಡ ಅರಣ್ಯದ್ದೆಂದು ಹೇಳುತ್ತಾರೆ ಎಂಬ ಮಾತು ಬಂದಿದೆ. ಅದನ್ನು ಕೇಳಿ ಕೈಚೆಲ್ಲಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಂತೆ ರಸ್ತೆ, ಕುಡಿಯುವ ನೀರಿನ ಪೈಪು, ಅಂಗನವಾಡಿ ಮುಂತಾದ ಹದಿಮೂರು ಬಗೆಯ ಸಾರ್ವಜನಿಕ ಸೌಲಭ್ಯಗಳಿಗೆ ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಕೊಡಲು ಅವಕಾಶವಿದೆ, ಹೆಕ್ಟೇರಿಗೆ 75 ಮರ ಮೀರಿ ಕಡಿಯುವಂತಿಲ್ಲ, ಮತ್ತು ಇದಕ್ಕೆ ಗ್ರಾಮ ಸಭೆಯ ಶಿಫಾರಸು ಬೇಕೇ ಬೇಕು. ಸಂಕವನ್ನು ಒಂಟಿಯಾಗಿ ಕೇಳದೆ ಮಜರೆಯ ಸಂಪರ್ಕ ರಸ್ತೆಯ ಭಾಗವಾಗಿ ಕೇಳಿ, ಅರ್ಜಿಯೊಂದಿಗೆ ನಕ್ಷೆ ಇರಲಿ. ಜಾಗ ನಿಜವಾಗಿ ಅರಣ್ಯವೋ ಕಂದಾಯ ಭೂಮಿಯೋ ಎಂಬುದನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳದೆ ಮೊದಲು ಪಹಣಿ ತೆಗೆಸಿ ನೋಡಿ.

ಇಷ್ಟೆಲ್ಲ ಆಗಿ ಸಂಕ ಏಳಲು ಒಂದು ವರ್ಷವಾದರೂ ಬೇಕು. ಅಷ್ಟರಲ್ಲಿ ಒಂದು ಮಳೆಗಾಲ ಬರುತ್ತದೆ. ಹಳ್ಳದ ಎರಡೂ ದಡಕ್ಕೆ ಕಬ್ಬಿಣದ ಕಂಬ ಹುಗಿದು, ದಬ್ಬೆಯ ಎರಡೂ ಬದಿಗೆ ದೊಡ್ಡವರ ಸೊಂಟದೆತ್ತರದಲ್ಲೊಂದು, ಮಕ್ಕಳ ಕೈಗೆಟಕುವಂತೆ ಕೆಳಗೊಂದು ತಂತಿ ಹಗ್ಗ ಎಳೆಸಲು ದೊಡ್ಡ ಹಣ ಬೇಕಾಗಿಲ್ಲ. ಪಂಚಾಯಿತಿ ತನ್ನ ಸ್ವಂತ ನಿಧಿಯಿಂದ ತಿಂಗಳ ಸಾಮಾನ್ಯ ಸಭೆಯ ಠರಾವಿನಲ್ಲೇ ಇದನ್ನು ಮಾಡಿಸಬಹುದು. ಇದಕ್ಕೆ ವಾರ್ಡ್ ಸಭೆಗಾಗಿ ಕಾಯದೆ, ಮನೆಯವರೆಲ್ಲರ ಸಹಿ ಹಾಕಿಸಿ ಮೇ ತಿಂಗಳ ಸಭೆಗೆ ಮೊದಲೇ ಅರ್ಜಿ ಕೊಟ್ಟು, ಅದರ ನಕಲಿನ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ.